ಜೇನು ಕಚ್ಚಿ ಪಟ್ಟ ಹೋದ ರಾಜ: ಕೊಂಗಲ್ ಕೈಖ್ ಬಗ್ಗೆ ಯಾರಾದರೂ ಓದಿದ್ದೀರಾ?

ಓಲೆಗರಿ:
ಏಳನೇ ಶತಮಾನದ ಐರ್ಲೆಂಡಿನ ಒಬ್ಬ ರಾಜನ ಹಿಂದೆ ಬಿದ್ದಿದ್ದೇನೆ. ಹೆಸರು ಕೊಂಗಲ್ ಕೈಖ್, ಅಂದರೆ ಒಕ್ಕಣ್ಣ ಕೊಂಗಲ್. ಐರ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಈಗಿನ ಆಂಟ್ರಿಮ್ ಕಡೆ, ಡಾಲ್ ನಾರಿದಿ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ಜನರಿಗೆ ಕ್ರುಥಿನ್ ಅಂತ ಹೆಸರು. ಕೊಂಗಲ್ ಅವರ ರಾಜ. 627ರ ಹೊತ್ತಿಗೆ ಅಕ್ಕಪಕ್ಕದ ರಾಜ್ಯಗಳೂ ಸೇರಿದ ಉಲಾದ್ ಸೀಮೆಗೆಲ್ಲ ದೊಡ್ಡ ರಾಜನಾದ. 637ರಲ್ಲಿ ಮಾಗ್ ರಾಥ್ ಯುದ್ಧದಲ್ಲಿ ಸತ್ತ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಆ ಕಾಲದ ಐರ್ಲೆಂಡಿನಲ್ಲಿ ಒಂದೇ ಹೊತ್ತಿಗೆ ನೂರಕ್ಕೂ ಹೆಚ್ಚು ರಾಜರು ಇರುತ್ತಿದ್ದರು, ಕತ್ತಿ ಏಟಿಗೆ ಸತ್ತವರೇ ಜಾಸ್ತಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಐರಿಶ್ ಹಳೇ ಕಾನೂನಿನಲ್ಲಿ ‘ಬೆಖ್‌ಬ್ರೆಥಾ’ ಅಂತ ಒಂದು ಪುಸ್ತಕ ಇದೆ. ಪೂರ್ತಿ ಜೇನಿನ ತಗಾದೆಗಳೇ. ಅದರ ನಡುವೆ, ಜೇನು ಮಾಡಿದ ತಪ್ಪಿಗೆ ಕೊಟ್ಟ ಮೊದಲ ತೀರ್ಪು ಯಾವುದು ಅಂತ ಹೇಳುವಾಗ ಈ ಕೊಂಗಲ್ ಬರುತ್ತಾನೆ. ಜೇನು ಕಚ್ಚಿ ಅವನ ಒಂದು ಕಣ್ಣು ಹೋಯಿತು, ಆಗ ಅವನು ಟಾರಾದ ರಾಜನಾಗಿದ್ದ, ಇದರಿಂದ ಪಟ್ಟ ಹೋಯಿತು ಅಂತ ಇದೆ.

ಟಾರಾ ಅಂದರೆ ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಟ್ಟ. ಆದರೆ ಮುಂದೆ ಬರೆದ ಟಾರಾ ರಾಜರ ಪಟ್ಟಿಗಳಲ್ಲಿ ಇವನ ಹೆಸರೇ ಇಲ್ಲ! ರಾಜರ ಪಟ್ಟಿ ಬರೆದವರು ಬಿಟ್ಟರು, ಜೇನಿನ ಕಾನೂನು ಬರೆದವನು ಬಿಡಲಿಲ್ಲ. ನನಗೆ ಈ ಜೇನಿನವನ ಮೇಲೇ ನಂಬಿಕೆ ಜಾಸ್ತಿ. ನಿಮಗೇನು ಅನಿಸುತ್ತದೆ?

ಸುಮ್ನೆ_ಓದುಗ:
ಕಣ್ಣು ಹೋದರೆ ಪಟ್ಟ ಯಾಕೆ ಹೋಗಬೇಕು ಸರ್? ಧೃತರಾಷ್ಟ್ರನ ಕಥೆ ತರಹವಾ?

ಓಲೆಗರಿ:
ಸ್ವಲ್ಪ ಹಾಗೇ. ಅಂಗ ಊನವಾದವನು ರಾಜನಾಗಿ ಇರಬಾರದು ಅನ್ನುವ ನಂಬಿಕೆ ಅಲ್ಲೂ ಇತ್ತು. ಅವರ ಪುರಾಣದಲ್ಲಿ ನುವಾದ ಅನ್ನುವವನು ಯುದ್ಧದಲ್ಲಿ ಕೈ ಕಳೆದುಕೊಂಡ, ಪಟ್ಟವೂ ಹೋಯಿತು, ಆಮೇಲೆ ಬೆಳ್ಳಿಯ ಕೈ ಮಾಡಿಸಿಕೊಂಡ. ರಾಜ ನೆಟ್ಟಗಿದ್ದರೆ ಮಳೆ ಬೆಳೆ ನೆಟ್ಟಗೆ ಅನ್ನುವ ಲೆಕ್ಕ. ಆದರೆ ನಮ್ಮ ಕೊಂಗಲ್‌ಗೆ ಹೋದದ್ದು ಟಾರಾ ಮಾತ್ರ. ಉಲಾದ್ ರಾಜನಾಗಿ ಅದೇ ಒಂದು ಕಣ್ಣಿಟ್ಟುಕೊಂಡು ಸಾಯುವವರೆಗೂ ಆಳಿದ. ಅವನ ಮನೆಯವರಿಗೆ ಒಂದು ಕಣ್ಣು ಸಾಕಾಗಿತ್ತು.

ತಗಾದೆ_ವಕೀಲ:
ವಕೀಲನಾಗಿ ಒಂದು ಮಾತು. ಕಾನೂನಿನ ಪುಸ್ತಕದಲ್ಲಿ ಹಳೇ ಕೇಸು ಎತ್ತಿ ಬರೆಯುವುದು ಇತಿಹಾಸ ಹೇಳುವುದಕ್ಕಲ್ಲ. ‘ಈ ನಿಯಮ ಇಂಥ ದೊಡ್ಡ ಮನುಷ್ಯನ ಕೇಸಿನಲ್ಲೇ ನಡೆದಿದೆ’ ಅಂತ ತೂಕ ಕೊಡುವುದಕ್ಕೆ. ಹಾಗಾಗಿ ‘ಟಾರಾ ರಾಜ’ ಅಂತ ಏರಿಸಿ ಬರೆದಿರಬಹುದು. ಕಕ್ಷಿದಾರ ದೊಡ್ಡವನಾದಷ್ಟೂ ತೀರ್ಪಿಗೆ ಬೆಲೆ.

ಓಲೆಗರಿ:
ಒಳ್ಳೆ ಪಾಯಿಂಟು ವಕೀಲರೇ. ಆದರೆ ಕಾಲ ನೋಡಿ. ಆ ಪುಸ್ತಕವನ್ನು ಏಳನೇ ಶತಮಾನದ ನಡುಭಾಗದ್ದು ಅಂತ ಭಾಷೆ ನೋಡಿ ಲೆಕ್ಕ ಹಾಕಿದ್ದಾರೆ. ಕೊಂಗಲ್ ಸತ್ತಿದ್ದು 637. ಅಂದರೆ ಅವನನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲ. ಇಲ್ಲದ ಪಟ್ಟವನ್ನು ಅಂಟಿಸಿ ಕೋರ್ಟಿನಲ್ಲಿ ಓದಿದರೆ ಎದುರು ಪಾರ್ಟಿ ಸುಮ್ನೆ ಬಿಡುತ್ತದಾ?

ತಗಾದೆ_ವಕೀಲ:
ಬಿಡಲ್ಲ. ಸರಿ, ಅರ್ಧ ಒಪ್ಪಿದೆ.

ಮಲೆನಾಡ್_ಮಾಣಿ:
ನಮ್ಮ ಮನೆಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದೇವೆ, ಅದಕ್ಕೇ ಕೇಳುತ್ತಿದ್ದೇನೆ. ಜೇನು ಕಚ್ಚಿದ್ದಕ್ಕೆ ತೀರ್ಪು ಕೊಡುವುದು ಹೇಗೆ? ಯಾವ ಪೆಟ್ಟಿಗೆಯ ಹುಳ ಅಂತ ಯಾರಿಗೆ ಗೊತ್ತಾಗುತ್ತದೆ? ತುಡುವೆ ಎಲ್ಲಾ ನೋಡುವುದಕ್ಕೆ ಒಂದೇ ಥರ. ಪಕ್ಕದ ತೋಟದ್ದೂ ಇರಬಹುದು, ಕಾಡಿನದ್ದೂ ಇರಬಹುದು.

ಓಲೆಗರಿ:
ಮಾಣಿ, ಇದೇ ಪ್ರಶ್ನೆ ಅವರಿಗೂ ಬಂದಿತ್ತು. ಅವರ ಪರಿಹಾರ ಕೇಳಿ. ಯಾವ ಗೂಡಿನ ಹುಳ ಅಂತ ಗೊತ್ತಾಗದಿದ್ದರೆ ಎಲ್ಲಾ ಗೂಡುಗಳ ಮೇಲೂ ಚೀಟಿ ಹಾಕುವುದು. ಯಾವ ಗೂಡಿಗೆ ಚೀಟಿ ಬೀಳುತ್ತದೋ ಅದೇ ತಪ್ಪು ಮಾಡಿದ ಗೂಡು. ಕಣ್ಣು ಹೋಗಿದ್ದರೆ ಆ ಗೂಡನ್ನೇ ಕಣ್ಣು ಹೋದವನಿಗೆ ಕೊಡಬೇಕು.

ಸುಮ್ನೆ ಕಚ್ಚಿ ರಕ್ತ ಬಂದರೆ ಕಚ್ಚಿಸಿಕೊಂಡವನಿಗೆ ಒಂದು ಊಟಕ್ಕಾಗುವಷ್ಟು ಜೇನುತುಪ್ಪ. ಆದರೆ ಅವನು ಸಿಟ್ಟಿನಲ್ಲಿ ಆ ಹುಳವನ್ನು ಕೊಂದಿರಬಾರದು, ಕೊಂದಿಲ್ಲ ಅಂತ ಆಣೆ ಮಾಡಬೇಕು. ಕೊಂದಿದ್ದರೆ ಅಲ್ಲಿಗಲ್ಲಿಗೆ ಸರಿಹೋಯಿತು ಅಂತ. ಗೂಡಿಗೆ ಕೈ ಹಾಕಿ ಕದಿಯುವುದಕ್ಕೆ ಹೋಗಿ ಕಚ್ಚಿಸಿಕೊಂಡವನಿಗೆ ಏನೂ ಇಲ್ಲ.

ಇನ್ನೊಂದಿದೆ, ನಿಮಗೆ ಇಷ್ಟವಾಗಬಹುದು. ಜೇನು ಪಕ್ಕದವನ ಹೊಲದ ಹೂವಿಗೆ ಹೋಗುತ್ತದೆ ಅಲ್ವಾ? ಅದನ್ನು ಅವರು ದನ ಬೇಲಿ ಹಾರಿ ಮೇಯ್ದ ಲೆಕ್ಕಕ್ಕೇ ಹಿಡಿದರು. ಮೊದಲ ಮೂರು ವರ್ಷ ಮಾಫಿ. ಆಮೇಲೆ ಗೂಡಿನಿಂದ ಎದ್ದ ಹಿಂಡಿನಲ್ಲಿ ಸುತ್ತಲಿನ ಜಮೀನಿನವರಿಗೆ ಪಾಲು.

ಮಲೆನಾಡ್_ಮಾಣಿ:
ಕೊಂದಿಲ್ಲ ಅಂತ ಆಣೆ! ಕಚ್ಚಿದ ಹುಳ ಮುಳ್ಳು ಬಿಟ್ಟು ತಾನಾಗೇ ಸಾಯುತ್ತದಲ್ಲ ಮಾರಾಯರೇ. ಅದು ಬಿಡಿ, ಹಿಂಡಿನಲ್ಲಿ ಪಾಲು ಅನ್ನುವುದು ನಮ್ಮಲ್ಲಿ ಬಂದರೆ ಊರೆಲ್ಲಾ ಜಗಳ. ಅಡಿಕೆ ತೋಟದ ಬೇಲಿ ಜಗಳವೇ ಇನ್ನೂ ಮುಗಿದಿಲ್ಲ.

ಬೆಲ್‌ಫಾಸ್ಟ್_ಕನ್ನಡತಿ:
ಯುದ್ಧ ನಡೆದ ಮಾಗ್ ರಾಥ್ ಈಗಿನ ಮೊಯ್ರಾ, ಡೌನ್ ಕೌಂಟಿಯಲ್ಲಿದೆ. ಬೆಲ್‌ಫಾಸ್ಟ್‌ನಿಂದ ಟ್ರೇನಿನಲ್ಲೇ ಹೋಗಬಹುದು, ಸ್ಟೇಷನ್ ಕಟ್ಟಡ 1841ರದ್ದು. ಊರಿನ ಪಕ್ಕದಲ್ಲೇ ಹೈವೇ. ಹಸಿರು, ಏರಿಳಿತ ಕಮ್ಮಿ ಇರುವ ನೆಲ, ಯುದ್ಧಕ್ಕೆ ಯಾಕೆ ಆರಿಸಿಕೊಂಡರು ಅಂತ ನೋಡಿದರೆ ಗೊತ್ತಾಗುತ್ತದೆ. ಎರಡು ಸೈನ್ಯ ಎದುರುಬದುರು ನಿಲ್ಲುವುದಕ್ಕೆ ಜಾಗ ಬೇಕಲ್ಲ.

ನನಗೆ ಅರ್ಥವಾಗದ್ದು ಒಂದೇ. ಆ ಯುದ್ಧದಲ್ಲಿ ಕೊಂಗಲ್ ಎದುರು ನಿಂತ ರಾಜ ಡೊಮ್ನಲ್‌ಗೂ ಇವನಿಗೂ ಜಗಳ ಶುರುವಾಗಿದ್ದು ಎಲ್ಲಿಂದ? ಇಲ್ಲಿ ಕೆಲವರು ಮೊಟ್ಟೆಯ ವಿಷಯಕ್ಕೆ ಅಂತ ಹೇಳುತ್ತಾರೆ.

ಓಲೆಗರಿ:
ಮೇಡಂ, ಮೊಟ್ಟೆ ಕಥೆ ಆಮೇಲೆ ಹೇಳುತ್ತೇನೆ, ಅದು ನಾನೂರು ವರ್ಷಕ್ಕೂ ಆಮೇಲೆ ಕಟ್ಟಿದ್ದು. ಮೊದಲು ವರ್ಷಗಳನ್ನು ದಾಖಲಿಸಿದ ಹಳೇ ಪುಸ್ತಕಗಳಲ್ಲಿ ಏನಿದೆ ಅಂತ ನೋಡೋಣ.

ಉತ್ತರದಲ್ಲಿ ಆಗ ಜೋರಾಗಿದ್ದವರು ‘ಈ ನೀಲ್’ ಅನ್ನುವ ವಂಶದವರು. ಅವರಲ್ಲೇ ಎರಡು ಕವಲು: ಕೆನೆಲ್ ನೋಗನ್ ಮತ್ತು ಕೆನೆಲ್ ಕೊನಲ್. ದಾಯಾದಿಗಳು, ಸದಾ ಕಚ್ಚಾಟ. 628ರಲ್ಲಿ ಟಾರಾ ರಾಜ ಸುಬ್ನೆ ಮೆನ್, ಕೆನೆಲ್ ನೋಗನ್ ಕವಲಿನವನು. ಅವನನ್ನು ಕೊಂದವನು ಯಾರು? ನಮ್ಮ ಕೊಂಗಲ್. ಜಾಗ ಖಾಲಿಯಾಯಿತು. ಮರುವರ್ಷ, 629ರಲ್ಲಿ, ಡೂನ್ ಕೆಥಿರ್ನ್ ಅನ್ನುವ ಕೋಟೆಯ ಹತ್ತಿರ ಕೊಂಗಲ್‌ಗೂ ಕೆನೆಲ್ ಕೊನಲ್ ಕವಲಿನ ಡೊಮ್ನಲ್‌ಗೂ ಯುದ್ಧ. ಕೊಂಗಲ್ ಸೋತು ಓಡಿದ ಅಂತ ಒಂದೇ ಸಾಲು. ಆ ಕೋಟೆ ಕೋಲ್‌ರೇನ್ ಪಟ್ಟಣದ ಹತ್ತಿರದ ಗುಡ್ಡದ ಮೇಲಿದೆ.

ಈ ಎರಡು ಘಟನೆಗಳ ನಡುವೆ ಟಾರಾ ಯಾರ ಕೈಯಲ್ಲಿತ್ತು? ಸುಬ್ನೆಯನ್ನು ಕೊಂದವನು ಅದನ್ನು ಬೇರೆಯವರಿಗೆ ಬಿಟ್ಟು ಮನೆಗೆ ಹೋದ ಅಂತ ನಾನಂತೂ ನಂಬಲ್ಲ.

ಸುಮ್ನೆ_ಓದುಗ:
ಓಡಿ ಹೋದ ಅಂದಿರಲ್ಲ, ಎಂಟು ವರ್ಷ ಸುಮ್ಮನೆ ಕೂತಿದ್ದನಾ?

ಓಲೆಗರಿ:
ಸುಮ್ಮನೆ ಅಂದರೆ ಯುದ್ಧದ ಸುದ್ದಿ ಇಲ್ಲ. ಹತ್ತು ವರ್ಷದ ಆಳ್ವಿಕೆಗೆ ಸಿಗುವುದು ಹತ್ತು ಸಾಲೂ ಅಲ್ಲ. ದಿನನಿತ್ಯ ಏನು ಮಾಡುತ್ತಿದ್ದ ಅನ್ನುವುದಕ್ಕೆ ಬೇರೆ ಕಾನೂನು ಪುಸ್ತಕಗಳನ್ನು ನೋಡಬೇಕು. ಸುಮಾರು 700ರ ಹೊತ್ತಿನ ಒಂದರಲ್ಲಿ ರಾಜನ ವಾರದ ವೇಳಾಪಟ್ಟಿಯೇ ಇದೆ. ಭಾನುವಾರ ಮದ್ಯ ಕುಡಿಸುವುದು, ಯಾಕೆಂದರೆ ಕುಡಿಸದವನು ರಾಜನೇ ಅಲ್ಲ. ಸೋಮವಾರ ನ್ಯಾಯ. ಮಂಗಳವಾರ ಒಂದು ಮಣೆ ಆಟ. ಬುಧವಾರ ಬೇಟೆ ನಾಯಿಗಳು ಓಡುವುದನ್ನು ನೋಡುವುದು. ಗುರುವಾರ ಹೆಂಡತಿಯ ಜೊತೆ. ಶುಕ್ರವಾರ ಕುದುರೆ ಓಟ. ಶನಿವಾರ ಮತ್ತೆ ನ್ಯಾಯ.

ಅದೇ ಪುಸ್ತಕದಲ್ಲಿ ರಾಜ ಯಾವಾಗ ಸಾಮಾನ್ಯನಾಗುತ್ತಾನೆ ಅಂತಲೂ ಇದೆ. ಗುದ್ದಲಿ, ಕೊಡಲಿ, ಕೊಡತಿ ಹಿಡಿದು ಕೆಲಸಕ್ಕೆ ನಿಂತರೆ ಅಷ್ಟು ಹೊತ್ತು ಅವನ ಮಾನದ ಬೆಲೆ (ಅವನಿಗೆ ಅನ್ಯಾಯವಾದರೆ ಕೊಡಬೇಕಾದ ಪರಿಹಾರ) ಒಬ್ಬ ರೈತನದ್ದೇ. ಒಬ್ಬನೇ ತಿರುಗಾಡಿದರೂ ಹಾಗೇ. ಓಡಿಹೋಗುವಾಗ ಕತ್ತಿನ ಹಿಂಭಾಗಕ್ಕೆ ಏಟು ಬಿದ್ದರೂ ರೈತನ ಬೆಲೆಯೇ ಸಿಗುವುದು. ಏಟು ಮುಂದಿನಿಂದ ಬೀಳಬೇಕು. ಕೊಂಗಲ್ 629ರಲ್ಲಿ ಓಡಿದಾಗ ಬೆನ್ನ ಹಿಂದೆ ಎಂಥ ಲೆಕ್ಕ ಇತ್ತು ನೋಡಿ.

ತಗಾದೆ_ವಕೀಲ:
ಗುರುವಾರದ ಕಲಂ ನಮ್ಮ ಮನೆಯಲ್ಲಿ ಓದಿ ಹೇಳಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.

ಬೆಲ್‌ಫಾಸ್ಟ್_ಕನ್ನಡತಿ:
😄 ಸರಿ, ಈಗ ಮೊಟ್ಟೆ.

ಓಲೆಗರಿ:
ಬೊಯ್ನ್ ನದಿಯ ದಡದಲ್ಲಿ ಡೊಮ್ನಲ್ ದೊಡ್ಡ ಅರಮನೆ ಕಟ್ಟಿ ಊಟ ಹಾಕಿಸುತ್ತಾನೆ. ಊಟಕ್ಕೆ ಹೆಬ್ಬಾತಿನ ಮೊಟ್ಟೆ ಬೇಕು, ಎಲ್ಲೂ ಸಾಕಷ್ಟು ಸಿಗಲ್ಲ. ಆಳುಗಳು ಹುಡುಕುತ್ತಾ ಎರ್ಕ್ ಅನ್ನುವ ಬಿಷಪ್ಪನ ಮನೆಗೆ ಬರುತ್ತಾರೆ. ಈ ಬಿಷಪ್ಪ ಬೆಳಗಿಂದ ಸಂಜೆವರೆಗೂ ನದಿಯ ನೀರಿನಲ್ಲಿ ನಿಂತು ಕೀರ್ತನೆ ಹೇಳುವವನು, ಸಂಜೆ ಬಂದು ಒಂದೂವರೆ ಮೊಟ್ಟೆ, ಮೂರು ಎಸಳು ನೀರಸೊಪ್ಪು ತಿನ್ನುವವನು. ಅವನಿಲ್ಲದಾಗ ಮೊಟ್ಟೆಯ ಬುಟ್ಟಿಯನ್ನೇ ಎತ್ತಿಕೊಂಡು ಹೋದರು. ಸಂಜೆ ಹಸಿದು ಬಂದವನು ಶಾಪ ಹಾಕಿದ. ಊಟಕ್ಕೆ ಮೊದಲು ರುಚಿ ನೋಡಿದವನು ಕೊಂಗಲ್, ಶಾಪ ಅವನಿಗೆ ತಗುಲಿತು.

ಆಮೇಲೆ ಪಂಕ್ತಿ. ಉಲಾದ್ ರಾಜ ಕೂರಬೇಕಾದ ಬಲಗಡೆಯ ಜಾಗದಲ್ಲಿ ಬೇರೊಬ್ಬ ರಾಜನನ್ನು ಕೂರಿಸಿರುತ್ತಾರೆ. ಎಲ್ಲರ ಮುಂದೆ ಬೆಳ್ಳಿ ತಟ್ಟೆಯಲ್ಲಿ ಹೆಬ್ಬಾತಿನ ಮೊಟ್ಟೆ. ಕೊಂಗಲ್ ಮುಂದೆ ಇಟ್ಟಿದ್ದು ಮಾತ್ರ ಮರದ ತಟ್ಟೆಯಾಗಿ, ಕೋಳಿ ಮೊಟ್ಟೆಯಾಗಿ ಬದಲಾಯಿತು. ಅವನ ಕಡೆಯವನೊಬ್ಬ ಪಕ್ಕದಿಂದ ಕುಟುಕುತ್ತಾನೆ, ಇಂಥ ಅವಮಾನ ಆದಮೇಲೆ ಇಲ್ಲಿ ಉಣ್ಣುವುದಾ ಅಂತ.

ಕೊಂಗಲ್ ಎದ್ದು ನಿಂತು ಹಳೇದೆಲ್ಲಾ ಎತ್ತುತ್ತಾನೆ. ‘ನೀನೇ ನನ್ನನ್ನು ಸಾಕಿದೆ, ನಿನ್ನ ಮನೆಯ ತೋಟದಲ್ಲೇ ಜೇನು ನನ್ನ ಕಣ್ಣು ತೆಗೆಯಿತು. ನಿನಗೋಸ್ಕರ ಸುಬ್ನೆಯನ್ನು ಆಟದ ಮಣೆಯ ಮುಂದೆ ಕೂತಿದ್ದಾಗ ಕೊಂದೆ. ಕೊಡುತ್ತೇನೆ ಅಂದ ಸೀಮೆಯನ್ನು ಪೂರ್ತಿ ಕೊಡಲಿಲ್ಲ. ಈಗ ಕೋಳಿ ಮೊಟ್ಟೆ.’ ಮಾತು ನಾನು ನನ್ನ ಬಾಯಲ್ಲಿ ಹೇಳಿದ್ದು, ಸಾರಾಂಶ ಇದೇ.

ಮಲೆನಾಡ್_ಮಾಣಿ:
ಪಂಕ್ತಿಯಲ್ಲಿ ಜಾಗ ತಪ್ಪಿಸಿದರೆ ಮದುವೆಮನೆಯಲ್ಲೇ ರಾಮಾಯಣ ಆಗುತ್ತದೆ. ಇದು ರಾಜರ ಮನೆ.

ಸುಮ್ನೆ_ಓದುಗ:
ಈ ಕಥೆಯಲ್ಲಿ ಡೊಮ್ನಲ್ ಒಳ್ಳೆಯವನಾ ಕೆಟ್ಟವನಾ? ಮೊಟ್ಟೆ ತಾನಾಗೇ ಬದಲಾಯಿತು ಅಂದರೆ ಅವನ ತಪ್ಪಿಲ್ಲ ಅಂತ ಆಯಿತಲ್ಲ.

ಓಲೆಗರಿ:
ಸರಿಯಾಗಿ ಹಿಡಿದಿರಿ. ಕಥೆಗಾರನ ಕಿತಾಪತಿಯೇ ಅದು. ಅವಮಾನ ಆಗಬೇಕು, ಆದರೆ ಡೊಮ್ನಲ್ ಮಾಡಿರಬಾರದು. ಯಾಕೆಂದರೆ ಕಥೆ ಬರೆಯುವ ಕಾಲಕ್ಕೆ ಡೊಮ್ನಲ್‌ನ ವಂಶದವರ ಇತಿಹಾಸವೇ ಎಲ್ಲರ ಇತಿಹಾಸ ಆಗಿಬಿಟ್ಟಿತ್ತು. ಟಾರಾ ಯಾವತ್ತೂ ಅವರದೇ, ಕೊಂಗಲ್ ಸಿಟ್ಟಿಗೆದ್ದ ಸಾಕುಮಗ. ಅವನೂ ಒಮ್ಮೆ ಟಾರಾದಲ್ಲಿ ಕೂತಿದ್ದ ಅಂತ ಬರೆದರೆ ಕಥೆಯೇ ತಿರುಗಿಹೋಗುತ್ತದೆ. ಆಗ ಅದು ಸಾಕುಮಗನ ಹಠ ಅಲ್ಲ, ಕಳೆದುಕೊಂಡ ಪಟ್ಟಕ್ಕೆ ನಡೆಸಿದ ಯುದ್ಧ.

ಜೇನಿನ ಕಾನೂನು ಬರೆದವನಿಗೆ ಈ ಉಸಾಬರಿ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಗೂಡಿನ ಲೆಕ್ಕ. ರಾಜನ ಸುದ್ದಿ ಹಾಗೇ ಸೇರಿಕೊಂಡು ಬಂತು, ಯಾರೂ ಅಳಿಸುವುದಕ್ಕೆ ಹೋಗಲಿಲ್ಲ.

ಬೆಲ್‌ಫಾಸ್ಟ್_ಕನ್ನಡತಿ:
ಕೊನೆಯ ಯುದ್ಧದಲ್ಲಿ ಸ್ಕಾಟ್ಲೆಂಡಿನವರು ಯಾಕೆ ಬಂದರು?

ಓಲೆಗರಿ:
ಡಾಲ್ ರಿಯಾಟಾ ಅಂತ ಒಂದು ರಾಜ್ಯ, ಒಂದು ಕಾಲು ಆಂಟ್ರಿಮ್‌ನಲ್ಲಿ, ಇನ್ನೊಂದು ಕಾಲು ಸಮುದ್ರದಾಚೆ ಸ್ಕಾಟ್ಲೆಂಡಿನಲ್ಲಿ. 629ರಲ್ಲಿ ಕೊಂಗಲ್‌ನ ತಮ್ಮನೋ ಅಣ್ಣನೋ ಮೈಲ್ ಕೈಖ್ ಅನ್ನುವವನು ಅವರ ರಾಜನನ್ನೇ ಕೊಂದಿದ್ದ. ಎಂಟು ವರ್ಷ ಕಳೆದು ನೋಡಿದರೆ ಅದೇ ಡಾಲ್ ರಿಯಾಟಾದ ರಾಜ ಡೊಮ್ನಲ್ ಬ್ರೆಕ್ (ಇವನು ಬೇರೆ ಡೊಮ್ನಲ್) ಕೊಂಗಲ್ ಪಕ್ಕದಲ್ಲಿ ನಿಂತಿದ್ದಾನೆ. ರಾಜಕೀಯ ಅಂದರೆ ಅವತ್ತೂ ಇಷ್ಟೇ.

ಇದರಿಂದ ಸಂಕಟಕ್ಕೆ ಬಿದ್ದವರು ಅಯೋನಾ ದ್ವೀಪದ ಸನ್ಯಾಸಿಗಳು. ಅವರ ಮಠ ಇದ್ದದ್ದು ಡಾಲ್ ರಿಯಾಟಾ ಸೀಮೆಯಲ್ಲಿ, ಮಠ ಕಟ್ಟಿದ ಸಂತ ಕೊಲಂಬಾ ಮಾತ್ರ ಡೊಮ್ನಲ್‌ನ ಕೆನೆಲ್ ಕೊನಲ್ ಮನೆತನದವನು. ಮುಂದೆ ಆ ಮಠದ ಮುಖ್ಯಸ್ಥನಾದ ಕುಮ್ಮೆನೆ ಬರೆದದ್ದು ಕೊಲಂಬಾನ ಚರಿತ್ರೆಯಲ್ಲಿ ಉಳಿದಿದೆ. ಡೊಮ್ನಲ್ ಬ್ರೆಕ್ ಕಾರಣವೇ ಇಲ್ಲದೆ ಸಂತನ ಬಂಧುಗಳ ಸೀಮೆಯನ್ನು ಹಾಳು ಮಾಡಿದ, ಅವತ್ತಿಂದ ಈವರೆಗೂ ಅವನ ಜನ ಪರರ ಕೈ ಕೆಳಗಿದ್ದಾರೆ ಅಂತ. ಓದಿದರೆ ಬೈಗುಳವೇ. ಡೊಮ್ನಲ್ ಬ್ರೆಕ್ ಕೂಡ 642ರಲ್ಲಿ ಬ್ರಿಟನ್ನರ ರಾಜ ಒವೈನ್ ಕೈಯಲ್ಲಿ ಸತ್ತ.

ತಗಾದೆ_ವಕೀಲ:
ಮಾಗ್ ರಾಥ್‌ನಲ್ಲಿ ತಲೆಗೆ ಏಟು ತಿಂದು ವಿದ್ವಾಂಸನಾದವನ ಕಥೆ ಬಿಟ್ಟಿರಿ ಸರ್, ನಮ್ಮ ವೃತ್ತಿಯವನು! ಕೆನ್ ಫೈಲಾದ್. ತಲೆ ಒಡೆದು ‘ಮರೆಯುವ ಮಿದುಳು’ ಸೋರಿಹೋಯಿತಂತೆ. ಚಿಕಿತ್ಸೆಗೆ ಸೇರಿಸಿದ ಮನೆ ಮೂರು ಶಾಲೆಗಳ ಬೀದಿ ಕೂಡುವ ಜಾಗದಲ್ಲಿತ್ತು: ಕಾನೂನು, ಕವಿತೆ, ಲ್ಯಾಟಿನ್. ಹಗಲು ಮೂರೂ ಕಡೆಯ ಪಾಠ ಕಿವಿಗೆ ಬೀಳುತ್ತಿತ್ತು, ಮರೆಯುವುದಂತೂ ಸಾಧ್ಯವಿಲ್ಲ, ರಾತ್ರಿ ಕೂತು ಬರೆಯುತ್ತಿದ್ದ. ಕಥೆ ಕಥೆಯೇ, ಮನುಷ್ಯ ನಿಜ. 679ರಲ್ಲಿ ತೀರಿಕೊಂಡ, ಪಂಡಿತ ಅಂತ ದಾಖಲೆಯಿದೆ.

ಬೆಲ್‌ಫಾಸ್ಟ್_ಕನ್ನಡತಿ:
ಅದೇ ಯುದ್ಧದಲ್ಲಿ ಹುಚ್ಚು ಹಿಡಿದು ಮರದಿಂದ ಮರಕ್ಕೆ ಹಾರಿದ ರಾಜ ಸುಬ್ನೆಯ (ಇವನು ಬೇರೆ ಸುಬ್ನೆ) ಕಥೆ ಇಲ್ಲಿ ಇನ್ನೂ ಜಾಸ್ತಿ ಪ್ರಸಿದ್ಧ. ಕೊಂಗಲ್ ಹೆಸರು ಕೇಳಿದರೆ ತುಂಬಾ ಜನರಿಗೆ ಗೊತ್ತಿಲ್ಲ. ಗೊತ್ತಿರುವವರಲ್ಲಿ ಕೆಲವರು 1970ರ ದಶಕದಿಂದ ‘ಕ್ರುಥಿನ್ ನಮ್ಮ ಪೂರ್ವಜರು, ಐರಿಶರಿಗಿಂತ ಬೇರೆ’ ಅಂತ ಈಗಿನ ರಾಜಕೀಯಕ್ಕೆ ಎಳೆದುಕೊಂಡರು.

ಓಲೆಗರಿ:
ಹೌದು ಮೇಡಂ. ಅಗೆದು ನೋಡಿದವರಿಗೆ ಕ್ರುಥಿನ್ ಮನೆಗೂ ಪಕ್ಕದವರ ಮನೆಗೂ ವ್ಯತ್ಯಾಸ ಸಿಕ್ಕಿಲ್ಲ, ನಮಗೆ ಗೊತ್ತಿರುವಷ್ಟು ಕಾಲದಲ್ಲಿ ಮಾತೂ ಐರಿಶ್ಸೇ. ಪಾಪ, ಕೊಂಗಲ್‌ಗೆ ಸತ್ತಮೇಲೂ ಪಕ್ಷ ಕಟ್ಟುವ ಕೆಲಸ ತಪ್ಪಲಿಲ್ಲ.

ಮಲೆನಾಡ್_ಮಾಣಿ:
ಕೊನೆಗೆ ಒಂದು ಹೇಳಿ. ನಿಜವಾಗಿ ಪಟ್ಟ ಹೋದದ್ದು ಜೇನಿನಿಂದಲಾ? ಕಣ್ಣಿನ ಹತ್ತಿರ ಕಚ್ಚಿದರೆ ಮೂರು ದಿನ ಮುಖ ಊದಿಕೊಂಡಿರುತ್ತದೆ, ಅಷ್ಟೇ. ಕಣ್ಣಿನ ಗುಡ್ಡೆಗೇ ಮುಳ್ಳು ಹೊಕ್ಕರೆ ಕಣ್ಣು ಹೋಗಬಹುದು, ಇಲ್ಲ ಅನ್ನಲ್ಲ.

ಓಲೆಗರಿ:
ಜೇನು ಕಚ್ಚಿದ್ದು ನಿಜ, ಕಣ್ಣು ಹೋದದ್ದು ನಿಜ ಅಂತಲೇ ನನ್ನ ಅನಿಸಿಕೆ. ಆದರೆ ಪಟ್ಟ ಹೋದದ್ದು ಡೂನ್ ಕೆಥಿರ್ನ್‌ನಲ್ಲಿ ಸೋತಿದ್ದಕ್ಕೆ. ಗೆದ್ದಿದ್ದರೆ ಅವನ ಕಣ್ಣಿನ ಬಗ್ಗೆ ಯಾರು ಬಾಯಿ ಬಿಡುತ್ತಿದ್ದರು? ಸೋತವನಿಗೆ ಕಾನೂನು ಹೇಳುವುದು ಸುಲಭ. ಡೊಮ್ನಲ್ 642ರಲ್ಲಿ ಸತ್ತಾಗ ದಾಖಲೆಯಲ್ಲಿ ‘ಐರ್ಲೆಂಡಿನ ರಾಜ’ ಅಂತಲೇ ಬರೆದರು.

ತಗಾದೆ_ವಕೀಲ:
ಅಲ್ಲೇ ನನ್ನ ತಕರಾರು ಉಳಿದಿರುವುದು. ಸೋಲೇ ಕಾರಣ ಅಂದರೆ ನಿಮ್ಮ ಜೇನಿನ ಸಾಕ್ಷಿ ಹೇಳಿದ ಎರಡು ಮಾತಿನಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟ ಹಾಗಾಯಿತು. ಟಾರಾ ರಾಜ ಅನ್ನುವುದು ಬೇಕು, ಜೇನಿನಿಂದ ಪಟ್ಟ ಹೋಯಿತು ಅನ್ನುವುದು ಬೇಡ. ಇದು ಹೇಗೆ?

ಓಲೆಗರಿ:
ಅವನು ಟಾರಾದಲ್ಲಿ ಕೂತಿದ್ದ ಅನ್ನುವುದು ಎಲ್ಲರೂ ಕಂಡ ಸಂಗತಿ. ಯಾಕೆ ಇಳಿದ ಅನ್ನುವುದು ಇಳಿಸಿದವರು ಕೊಟ್ಟ ಕಾರಣ. ಕೋರ್ಟಿನಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೀರಾ?

ತಗಾದೆ_ವಕೀಲ:
ತೂಗಲ್ಲ. ಆದರೆ ಮುಂದಿನ ತಾರೀಕು ಕೇಳುತ್ತೇನೆ.